ಹೋಟೆಲ್ ಡೆಲ್ಟಾ ಕೋಟೆ

ನಮ್ಮ ಮನೆಯಲ್ಲಿ ಈಗ ಯಾರೂ ಬರೀ ‘ಹೂಂ’ ಅನ್ನುವ ಹಾಗಿಲ್ಲ. ನನ್ನ ತಂಗಿಯ ಮಗಳು ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಪುಸ್ತಕದ ಗಂಟು ಹೊತ್ತುಕೊಂಡು ಹುಣಸೂರಿಗೆ ಬಂದು, ನಮ್ಮ ಮನೆಯ ಹಿಂದಿನ ಕೋಣೆ ಹಿಡಿದ ಮೇಲೆ ಜಾರಿಗೆ ಬಂದ ಕಾನೂನು ಇದು. ಬಿ.ಎಸ್ಸಿ. ಮುಗಿಸಿದ್ದಾಳೆ. ವಿಮಾನ ಸಂಚಾರ ನಿಯಂತ್ರಕಿ ಆಗಬೇಕಂತೆ. ಸದ್ಯಕ್ಕೆ ಅವಳ ಕೈಗೆ ಯಾರೂ ವಿಮಾನ ಕೊಟ್ಟಿಲ್ಲವಾದ್ದರಿಂದ ನಮ್ಮನ್ನೇ ನಿಯಂತ್ರಿಸುತ್ತಿದ್ದಾಳೆ.

‘ಮಾವ, ಗ್ಯಾಸ್‌ನವನು ನಾಲ್ಕು ಗಂಟೆಗೆ ಬರ್ತಾನೆ. ದುಡ್ಡು ದೇವರ ಪಟದ ಹಿಂದೆ ಇಟ್ಟಿದೀನಿ.’

‘ಹೂಂ.’

‘ಹೂಂ ಅಲ್ಲ ಮಾವ. ಏನ್ ಹೇಳ್ದೆ ಅಂತ ತಿರುಗಿ ಹೇಳಿ.’

‘ಗ್ಯಾಸು, ನಾಲ್ಕು ಗಂಟೆ, ದೇವರು.’

‘ಪಟದ ಹಿಂದೆ’ ಎಂದು ತಿದ್ದಿ, ನಾನು ಅದನ್ನೂ ಒಪ್ಪಿಸಿದ ಮೇಲೆಯೇ ಅವಳು ಚಪ್ಪಲಿ ಮೆಟ್ಟುವುದು. ಎಂಬತ್ತು ದಾಟಿದ ನಮ್ಮಮ್ಮನಿಗೂ ವಿನಾಯಿತಿ ಇಲ್ಲ. ‘ಮಧ್ಯಾಹ್ನದ ಮಾತ್ರೆ ಊಟ ಆದ್ಮೇಲೆ’ ಎಂದರೆ ಅಮ್ಮ ‘ಊಟ ಆದ್ಮೇಲೆ ಮಾತ್ರೆ, ನನ್ ತಾಯಿ, ಇನ್ನು ಹೊರಡು’ ಎಂದು ರಾಗವಾಗಿ ಒಪ್ಪಿಸುತ್ತಾರೆ. ಅರವತ್ತು ವರ್ಷ ಸಂಸಾರ ಮಾಡಿದ ನಮ್ಮಪ್ಪನಿಗೆ ಅಮ್ಮ ಒಂದು ದಿನವೂ ಹೀಗೆ ಒಪ್ಪಿಸಿದ್ದು ನಾನು ಕಂಡಿಲ್ಲ.

ನಮ್ಮ ಸೀಮೆಯವರಿಗೆ ಹೂಂಗುಟ್ಟುವುದು ಎಷ್ಟು ಒಗ್ಗಿಹೋಗಿದೆ ಅನ್ನುವುದು ಪರಸ್ಥಳದವರಿಗೆ ಗೊತ್ತಾಗುವುದಿಲ್ಲ. ಒಪ್ಪಿಗೆಗೂ ಹೂಂ, ಬೇಸರಕ್ಕೂ ಹೂಂ. ಸಾಲ ವಾಪಸು ಕೇಳಿದವನಿಗೂ ಹೂಂ, ಹರಿಕಥೆ ದಾಸರಿಗೂ ಹೂಂ. ಇಂಥದೊಂದು ಹೂಂ ದೆಸೆಯಿಂದ ನಾನು ಹೊಗೆಸೊಪ್ಪಿನ ಬೇಲುಗಳ ನಡುವೆ ಕೂತು ಹೋಗಿಬರಬೇಕಾಯಿತು. ಹರಾಜಿಗೆ ಬೇಲು ತರುವ ದಿನ ಬದಲಾಗಿದೆ ಎಂದು ಊರಿನ ಹುಡುಗನೊಬ್ಬ ತಂಗಿಯ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಫೋನು ಮಾಡಿದ್ದ. ಭಾವ ಆಗ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ‘ಹೂಂ, ಹೂಂ, ಆಯ್ತು’ ಅಂದರು. ಮಾರನೇ ದಿನ ಕೋಳಿ ಕೂಗುವ ಮೊದಲೇ ಬಾಡಿಗೆ ಟೆಂಪೊ ಬಂತು. ತಂಗಿಯ ಊರಿಗೆ ಹೋಗಿದ್ದ ನಾನೂ, ಬಸ್ ಚಾರ್ಜು ಉಳಿಯಿತಲ್ಲ ಎಂದು ಹತ್ತಿದೆ. ಹದವಾದ ಹೊಗೆಸೊಪ್ಪಿನ ಘಾಟು ಮುಚ್ಚಿದ ಟೆಂಪೊದಲ್ಲಿ ಮೂಗಿಗೆ ಏನು ಮಾಡುತ್ತದೆ ಅನ್ನುವುದನ್ನು ಬೆಳೆದವರು ಮರೆತಿರುತ್ತಾರೆ, ಸೇದುವವರಿಗೆ ತಿಳಿದಿರುವುದಿಲ್ಲ. ಸೀನಿ ಸೀನಿ ಅರ್ಧ ಜೀವವಾಗಿ ಹರಾಜು ಮಾರುಕಟ್ಟೆಯ ಗೇಟು ಮುಟ್ಟಿದರೆ, ‘ಇವತ್ತಲ್ಲ ಯಜಮಾನ್ರೆ, ನಾಡಿದ್ದು’ ಅಂದರು. ನನ್ನ ಕೈಚೀಲ ತಳದ ಬೇಲಿನಡಿ ಸಿಕ್ಕಿಕೊಂಡಿದ್ದರಿಂದ, ಬೇಲುಗಳ ಜೊತೆ ನಾನೂ ಹಳ್ಳಿಗೆ ವಾಪಸಾದೆ. ದಾರಿಯುದ್ದಕ್ಕೂ ಭಾವ ‘ಅವನು ಸರಿಯಾಗಿ ಹೇಳಲಿಲ್ಲ’ ಎನ್ನುತ್ತಿದ್ದರು. ಅವನು ಹೇಳಿದ್ದ. ಇವರು ಏನು ಕೇಳಿಸಿಕೊಂಡರು ಅಂತ ಅವನು ಕೇಳಿರಲಿಲ್ಲ, ಅಷ್ಟೆ.

ಆಕಾಶದಲ್ಲಿ ಹಾಗೆ ಬಿಡುವುದಿಲ್ಲವಂತೆ. ಇಷ್ಟು ಅಡಿಗೆ ಏರು, ಇಂಥ ದಿಕ್ಕಿಗೆ ತಿರುಗು, ಇಂಥ ರನ್‌ವೇಯಲ್ಲಿ ಇಳಿ ಎಂದು ನಿಯಂತ್ರಕರು ಹೇಳಿದ್ದನ್ನು ಪೈಲಟ್ ಅಕ್ಷರಶಃ ತಿರುಗಿ ಒಪ್ಪಿಸಬೇಕು. ಅದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ಒಪ್ಪಿಸಿದರೆ ಅವನ ಕೆಲಸ ಮುಗಿಯಿತು, ಇವರದು ಮುಗಿಯಲಿಲ್ಲ. ಒಪ್ಪಿಸಿದ್ದು ತಾವು ಹೇಳಿದ್ದೇ ಹೌದೋ ಎಂದು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ಹಿಡಿಯಬೇಕು. ‘ನಿಯಂತ್ರಕ’ ಎಂದ ಕೂಡಲೆ ನಾನು ಅಪ್ಪಣೆ ಕೊಡಿಸುವ ದರ್ಪದ ಆಸಾಮಿಯೊಬ್ಬನನ್ನು ಕಲ್ಪಿಸಿಕೊಂಡಿದ್ದೆ. ಈ ಹುಡುಗಿಯ ಪುಸ್ತಕಗಳನ್ನು ಅಲ್ಲಲ್ಲಿ ತಿರುವಿ ಹಾಕಿದ ಮೇಲೆ ತಿಳಿದದ್ದು, ಈ ಕೆಲಸದಲ್ಲಿ ಬಾಯಿಗಿಂತ ಕಿವಿಗೆ ಸಂಬಳ ಜಾಸ್ತಿ ಸಲ್ಲಬೇಕು.

ಮಾತು ತಲುಪದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2022ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ, ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ಇಂಡಿಗೊ ವಿಮಾನಗಳು ಅಕ್ಕಪಕ್ಕದ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದು ಒಂದರ ಕಡೆಗೊಂದು ಸರಿದವು. ಒಂದು ರನ್‌ವೇ ಸಾಕೆಂದು ಮಾಡಿದ ತೀರ್ಮಾನ ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದವರಿಗೆ ಮುಟ್ಟಿರಲಿಲ್ಲ ಎಂದು ಆಗ ವರದಿಯಾಯಿತು. ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರು ಪರದೆಯಲ್ಲಿ ಕಂಡೊಡನೆ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಒಳಗಿದ್ದವರು ಬಹುಶಃ ತಿಂಡಿಯ ಗಾಡಿ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಅಂಥ ಪುಣ್ಯ ಇರಲಿಲ್ಲ. ಇಳಿಯುತ್ತಿದ್ದ ಕಜಕಸ್ತಾನದ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಏರುತ್ತಿದ್ದ ಸೌದಿಯದು 14,000 ಅಡಿಯಲ್ಲಿ. ನಿಯಂತ್ರಕರು ಸರಿಯಾಗಿಯೇ ಹೇಳಿದ್ದರು. ಆ ಕಡೆಯಿಂದ ಉತ್ತರವೂ ಬಂದಿತ್ತು. ಆದರೂ ಕಜಕ್ ವಿಮಾನ ಕೆಳಗಿಳಿಯುತ್ತಲೇ ಹೋಯಿತು. 349 ಜನ ಹೋದರು. ಇದನ್ನು ಹೇಳಿದ ದಿನ ಹುಡುಗಿ ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಬಟ್ಟೆ ಒಗೆದಳು. ನಾನೂ ಮತ್ತೆ ಆ ಮಾತು ಎತ್ತಲಿಲ್ಲ.

ತಂಗಿಯ ಊರಿನಲ್ಲಿ ಈ ಕೆಲಸದ ಬಗ್ಗೆ ಬೇರೆಯೇ ತಿಳಿವಳಿಕೆ ಇದೆ. ‘ಕಂಟ್ರೋಲರ್’ ಅಂದರೆ ಅವರಿಗೆ ಹುಣಸೂರು ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತವರು. ‘ಹುಡುಗೀನ ಅಷ್ಟು ಓದ್ಸಿ ಬಸ್ ಸ್ಟ್ಯಾಂಡಿಗೆ ಹಾಕ್ತೀರಾ?’ ಎಂದು ಒಬ್ಬರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದೆ. ಅವರು ಹೇಳಿದ್ದರಲ್ಲಿ ಅಂಥ ತಪ್ಪೇನೂ ಕಾಣಲಿಲ್ಲ. ಎಚ್.ಡಿ. ಕೋಟೆ ಬಸ್ಸು ಹಿಂದಕ್ಕೆ ಬರುತ್ತಿರುತ್ತದೆ, ಗೋಣಿಕೊಪ್ಪಲಿನದು ಮುಂದಕ್ಕೆ ಮೂತಿ ತೂರಿಸುತ್ತದೆ, ಕೆ.ಆರ್. ನಗರದ್ದು ಇನ್ನೂ ಬಂದೇ ಇಲ್ಲ, ಮಡಿಕೇರಿಗೆ ಹೋಗುವ ವೇಗದೂತ ಒಳಗೆ ಬರಲು ಜಾಗವಿಲ್ಲದೆ ರಸ್ತೆಯಲ್ಲೇ ಹಾರ್ನು ಹೊಡೆಯುತ್ತದೆ. ನಡುವೆ ಕಡ್ಲೆಕಾಯಿ ಮಾರುವವರು, ಬಸ್ಸಿನ ಚಕ್ರಕ್ಕೇ ಒರಗಿ ನಿಂತ ಕಾಲೇಜು ಹುಡುಗರು. ಕಂಟ್ರೋಲರ್ ಸಾಹೇಬರು ಕನ್ನಡಕ ಮೂಗಿನ ತುದಿಗಿಟ್ಟು, ಕಿಟಕಿಗೆ ತಲೆ ತೂರಿಸಿದ ಕಂಡಕ್ಟರನ ಹಾಳೆಗೆ ಎಂಟ್ರಿ ಹಾಕಿ, ಇನ್ನೊಂದು ಕೈಯಲ್ಲಿ ಮೈಕು ಅದುಮಿ ಏನನ್ನೋ ಕೂಗುತ್ತಾರೆ. ಏನೆಂದು ಯಾರಿಗೂ ಕೇಳಿಸುವುದಿಲ್ಲ. ಆದರೂ ಬಸ್ಸುಗಳು ಹೊರಡುತ್ತವೆ. ಇದನ್ನೇ ಸಾವಿರಾರು ಅಡಿ ಮೇಲಕ್ಕೆತ್ತಿ ಇಟ್ಟರೆ ನಮ್ಮ ಹುಡುಗಿ ಕಲಿಯಲು ಹೊರಟಿರುವ ವಿದ್ಯೆ. ವ್ಯತ್ಯಾಸ ಒಂದೇ: ಬಸ್ಸಿಗೆ ‘ಸ್ವಲ್ಪ ನಿಂತ್ಕೋ ಮಾರಾಯ’ ಎನ್ನಬಹುದು, ವಿಮಾನಕ್ಕೆ ಹಾಗನ್ನುವಂತಿಲ್ಲ. ಕಾಯಿಸಬೇಕೆಂದರೆ ಗಾಳಿಯಲ್ಲೇ ಸುತ್ತು ಹಾಕಿಸಬೇಕು. ಅಷ್ಟರಲ್ಲಿ ಇಂಧನ ಎಷ್ಟು ಉಳಿದಿದೆ ಅನ್ನುವ ಲೆಕ್ಕವೂ ತಲೆಯಲ್ಲಿರಬೇಕು.

ಈ ಕಸುಬಿನ ಮೂಲಪುರುಷನ ಕಥೆ ಕೇಳಿದ ಮೇಲಂತೂ ನನಗೆ ಬಸ್ ಸ್ಟ್ಯಾಂಡಿನ ಗೂಡಿನ ಮೇಲೆ ಗೌರವ ಹೆಚ್ಚಿತು. ಅಮೆರಿಕದ ಸೇಂಟ್ ಲೂಯಿ ಊರಿನ ವಿಮಾನ ನಿಲ್ದಾಣದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತನನ್ನು ನೇಮಿಸಿಕೊಂಡರು. ಅವನ ಕಚೇರಿಯೆಂದರೆ ಒಂದು ತಳ್ಳುಗಾಡಿ, ಅದಕ್ಕೆ ಕಟ್ಟಿದ ದೊಡ್ಡ ಕೊಡೆ, ಒಂದು ಮಡಚುವ ಕುರ್ಚಿ, ಎರಡು ಬಾವುಟ, ಊಟದ ಬುತ್ತಿ. ರನ್‌ವೇಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು, ಹೋಗಬಹುದು ಎಂದರೆ ಚೌಕುಳಿ ಬಾವುಟ, ನಿಲ್ಲು ಎಂದರೆ ಕೆಂಪು ಬಾವುಟ ಬೀಸುತ್ತಿದ್ದ. ನಮ್ಮಮ್ಮನಿಗೆ ಇಡೀ ವಿಷಯದಲ್ಲಿ ಅರ್ಥವಾಗಿದ್ದು, ಇಷ್ಟವಾಗಿದ್ದು ಈ ಆರ್ಚಿಯೊಬ್ಬನೇ. ‘ಬುತ್ತೀಲಿ ಏನ್ ತರ್ತಿದ್ನಂತೆ?’ ಎಂದು ಕೇಳಿದರು. ಹುಡುಗಿಯ ಪುಸ್ತಕದಲ್ಲಿ ಅದು ಇಲ್ಲ.

ಈಗ ಬಾವುಟ ಬೀಸಿ ಕೆಲಸ ಗಿಟ್ಟಿಸುವ ಕಾಲವಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಎಂಬ ಹೆಸರಿನಲ್ಲಿ ಆಗೊಮ್ಮೆ ಈಗೊಮ್ಮೆ ಅರ್ಜಿ ಕರೆಯುತ್ತದೆ. 2022ರಲ್ಲಿ 400 ಹುದ್ದೆ, 2023ರಲ್ಲಿ 496, 2025ರಲ್ಲಿ 309. ಇಡೀ ದೇಶಕ್ಕೆ ಸೇರಿ ಇಷ್ಟು. ಭೌತಶಾಸ್ತ್ರ ಗಣಿತ ಎರಡೂ ಇರುವ ಬಿ.ಎಸ್ಸಿ. ಆಗಿರಬೇಕು, ಇಲ್ಲವೆ ಎಂಜಿನಿಯರಿಂಗ್. ವಯಸ್ಸು ಇಪ್ಪತ್ತೇಳು ದಾಟಿರಬಾರದು, ಮೀಸಲಾತಿಯವರಿಗೆ ಒಂದಿಷ್ಟು ರಿಯಾಯಿತಿ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಅರ್ಧ ಭೌತಶಾಸ್ತ್ರ ಗಣಿತವಾದರೆ ಉಳಿದರ್ಧ ಇಂಗ್ಲಿಷು, ತರ್ಕ, ಸಾಮಾನ್ಯ ಜ್ಞಾನ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಇದೊಂದು ವಿಷಯ ಕೇಳಿ ಭಾವನಿಗೆ ಎಲ್ಲಿಲ್ಲದ ಧೈರ್ಯ ಬಂತು. ‘ಹಂಗಾದ್ರೆ ಒಂದೂ ಬಿಡಬ್ಯಾಡ ಮಗಾ, ಎಲ್ಲಾದಕ್ಕೂ ಗೀಟು ಹೊಡಿ’ ಎಂದು ಆಶೀರ್ವಾದ ಮಾಡಿದರು.

ಅಲ್ಲಿ ಪಾಸಾದವರಿಗೆ ಧ್ವನಿ ಪರೀಕ್ಷೆ ಬೇರೆ. ಉಗ್ಗದೆ, ತಡವರಿಸದೆ, ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಮಾತಾಡಬೇಕು. ಹಳ್ಳಿ ಶಾಲೆಯ ಹುಡುಗಿಗೆ ಇದೊಂದೇ ದಿಗಿಲು. ಆದರೆ ರೇಡಿಯೊದಲ್ಲಿ ಅಂಕಿ ಹೇಳುವ ಅಂತರರಾಷ್ಟ್ರೀಯ ಪದ್ಧತಿ ತೆರೆದು ನೋಡಿದ ದಿನ ಅವಳ ದಿಗಿಲು ಅರ್ಧ ಇಳಿಯಿತು, ನನಗೆ ಹಳೆಯ ಸಿಟ್ಟು ಕೆರಳಿತು. ಮೂರನ್ನು ‘ಟ್ರೀ’ ಅನ್ನಬೇಕಂತೆ. ಸಾವಿರವನ್ನು ‘ಟೌಸೆಂಡ್’. ಐದು ‘ಫೈಫ್’, ಒಂಬತ್ತು ‘ನೈನರ್’. ಗದ್ದಲದಲ್ಲಿ ಫೈವ್, ನೈನ್ ಎರಡೂ ಒಂದೇ ಆಗಿ ಕೇಳಿಸುತ್ತವೆ ಎಂದು ಹಾಗೆ ಮಾಡಿದ್ದಾರೆ. ಸ್ವಾಮಿ, ಈ ‘ಟ್ರೀ’ ‘ಟೌಸೆಂಡ್’ ಅಂದದ್ದಕ್ಕೇ ಅಲ್ಲವೇ ಮಿಡ್ಲ್ ಸ್ಕೂಲಿನಲ್ಲಿ ನಮ್ಮ ಬೆರಳಿನ ಗೆಣ್ಣಿನ ಮೇಲೆ ಅಡಿಪಟ್ಟಿ ನರ್ತನವಾದದ್ದು? ನಮ್ಮ ತರಗತಿಗೆ ತರಗತಿಯೇ ಅಂತರರಾಷ್ಟ್ರೀಯ ಮಟ್ಟದಲ್ಲಿ ಮಾತಾಡುತ್ತಿತ್ತು. ಮೇಷ್ಟ್ರಿಗೆ ತಿಳಿಯಲಿಲ್ಲ.

ಅಕ್ಷರಗಳಿಗೂ ಹೀಗೇ ಹೆಸರಿದೆ. ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ. ಹುಡುಗಿ ಇದನ್ನು ಬಾಯಿಪಾಠ ಮಾಡುವ ಭರದಲ್ಲಿ ನಮ್ಮ ತಾಲ್ಲೂಕುಗಳ ಹೆಸರನ್ನೇ ಬದಲಾಯಿಸಿಬಿಟ್ಟಳು. ಎಚ್.ಡಿ. ಕೋಟೆ ಹೋಟೆಲ್ ಡೆಲ್ಟಾ ಕೋಟೆಯಾಯಿತು, ಕೆ.ಆರ್. ನಗರ ಕಿಲೋ ರೋಮಿಯೊ ನಗರವಾಯಿತು. ಪಾಪ, ಹೆಗ್ಗಡದೇವನೂ ಕೃಷ್ಣರಾಜರೂ ಎಂದೋ ಬರೀ ಇಂಗ್ಲಿಷ್ ಅಕ್ಷರವಾಗಿ ಉಳಿದಿದ್ದರು, ಈಗ ಅದೂ ಹೋಯಿತು. ಕೋಟೆಯ ಕಾಡಂಚಿನ ಊರಿನಲ್ಲಿ ಇವಳ ಗೆಳತಿಯೊಬ್ಬಳಿದ್ದಾಳೆ, ಅವಳೂ ಇದೇ ಪರೀಕ್ಷೆಗೆ ಓದುತ್ತಿದ್ದಾಳೆ. ಸಿಗ್ನಲ್ ಸಿಗಲೆಂದು ಅವಳು ಮಾಳಿಗೆ ಮೇಲಿನ ನೀರಿನ ಟ್ಯಾಂಕು ಹತ್ತಿ ನಿಂತು, ಇಬ್ಬರೂ ರಾತ್ರಿ ವಿಮಾನದಾಟ ಆಡುತ್ತಾರೆ. ಒಂದು ದಿನ ಆ ಕಡೆಯಿಂದ ‘ಸ್ಟ್ಯಾಂಡ್‌ಬೈ, ಆನೆ ಬಂತು’ ಎಂದು ಲೈನು ಕಟ್ಟಾಯಿತು. ಹತ್ತು ನಿಮಿಷ ಬಿಟ್ಟು ಫೋನು ಬಂತು. ಆನೆ ಬಾಳೆ ತೋಟದ ಕಡೆಗೆ ತಿರುಗಿತಂತೆ. ‘ಯಾವ ದಿಕ್ಕಿಗೆ?’ ಎಂದಳು ಇವಳು, ವೃತ್ತಿಧರ್ಮ ಬಿಡದೆ.

ಧ್ವನಿಯ ಜೊತೆಗೆ ಮನಸ್ಸಿನ ಪರೀಕ್ಷೆ, ದೇಹದ ಪರೀಕ್ಷೆ, ಅಮಲು ಪದಾರ್ಥದ ಪರೀಕ್ಷೆಗಳೂ ಇವೆ. ಕೊನೆಯದರ ಸುದ್ದಿ ಕೇಳಿ ತಂಗಿ ಕಂಗಾಲಾದಳು. ಹುಟ್ಟಿದಾಗಿನಿಂದ ಬ್ಯಾರನ್ನಿನ ಪಕ್ಕ ಬೆಳೆದ ಕೂಸು, ರಕ್ತದಲ್ಲಿ ಅರ್ಧ ಹೊಗೆಸೊಪ್ಪೇ ಇದ್ದೀತು ಎಂದು ಅವಳ ಭಯ. ನಾನು ಹುಡುಕಿ ನೋಡಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ಅಮಲು ಪದಾರ್ಥವೆಂದರೆ ಯಾವುದು ಎಂದು ಮದ್ಯ, ಅಫೀಮು, ಗಾಂಜಾ ಎಲ್ಲವನ್ನೂ ಹೆಸರಿಸುತ್ತ ಬಂದು, ಕೊನೆಯಲ್ಲಿ ಕಾಫಿಯನ್ನೂ ತಂಬಾಕನ್ನೂ ಇದರಿಂದ ಬಿಟ್ಟಿದೆ ಎಂದು ಸೇರಿಸಿದ್ದಾರೆ. ಈ ಷರಾ ಬರೆದ ಪುಣ್ಯಾತ್ಮನಿಗೆ ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರೂ ಪಕ್ಕದ ಕೊಡಗಿನ ಕಾಫಿಯವರೂ ಸೇರಿ ಒಂದು ಸನ್ಮಾನ ಮಾಡಬಹುದು. ಶಾಲು ನನ್ನ ಲೆಕ್ಕಕ್ಕಿರಲಿ.

ಇಷ್ಟೆಲ್ಲ ದಾಟಿದರೆ ತರಬೇತಿ. ಪ್ರಯಾಗರಾಜ್, ಹೈದರಾಬಾದ್, ಗೊಂದಿಯಾಗಳಲ್ಲಿ ಅದರ ಕೇಂದ್ರಗಳಿವೆ. ಹಳೆಯದು ಪ್ರಯಾಗದ ಬಮ್ರೌಲಿಯದು, 1948ರಲ್ಲಿ ಶುರುವಾದದ್ದು. ಆ ಊರಿಗೆ ವಿಮಾನದ ನಂಟು ಅದಕ್ಕಿಂತ ಹಳೆಯದು. 1911ರ ಫೆಬ್ರುವರಿ 18ರಂದು ಆಂರಿ ಪೆಕೆ ಎಂಬ ಫ್ರೆಂಚ್ ಪೈಲಟ್ ಅಲ್ಲಿಂದ ಯಮುನೆಯ ಆಚೆಯ ನೈನಿಗೆ ಟಪಾಲು ಚೀಲ ಹೊತ್ತು ಹಾರಿದ್ದ. ಲೋಕದ ಮೊದಲ ಅಧಿಕೃತ ವಿಮಾನ ಅಂಚೆ ಎಂದು ಅದನ್ನು ಎಣಿಸುತ್ತಾರೆ. ತಂಗಿಗೆ ಈ ಇತಿಹಾಸದಿಂದ ಏನೂ ಆಗಬೇಕಾಗಿಲ್ಲ. ಅಲ್ಲಿ ಮುದ್ದೆ ಸಿಗುತ್ತದೋ ಇಲ್ಲವೋ ಎಂಬುದು ಅವಳ ಪ್ರಶ್ನೆ. ರಾಗಿ ಹಿಟ್ಟು ಕಟ್ಟಿಕೊಡುತ್ತಾಳಂತೆ. ಕೃತಕ ನಿಯಂತ್ರಣ ಗೋಪುರದ ಕೋಣೆಯಲ್ಲಿ, ಸುತ್ತ ಪರದೆಯ ಮೇಲೆ ಕೃತಕ ವಿಮಾನಗಳನ್ನು ಇಳಿಸಿ ಹತ್ತಿಸಿ ಸುಸ್ತಾಗಿ ಬಂದ ಮಗಳು ಹಾಸ್ಟೆಲಿನಲ್ಲಿ ಮುದ್ದೆ ತಿರುವುವ ದೃಶ್ಯ ಅವಳ ಕಣ್ಣಿಗೆ ಕಟ್ಟಿದೆ.

ತರಬೇತಿ ಮುಗಿದರೂ ಕೆಲಸ ಬಂತೆಂದಲ್ಲ, ಇದು ಊರಿನವರಿಗೆ ಬಿಡಿಸಿ ಹೇಳಲು ಬಲು ಕಷ್ಟವಾದ ಭಾಗ. ಯಾವುದೋ ನಿಲ್ದಾಣಕ್ಕೆ ಹಾಕುತ್ತಾರೆ. ಅಲ್ಲಿ ಅನುಭವಸ್ಥರೊಬ್ಬರು ಬೆನ್ನ ಹಿಂದೆ ಕೂತು ಕಿವಿಗೊಟ್ಟಿರುತ್ತಾರೆ. ಇಷ್ಟು ತಾಸು ಹಾಗೆ ಮಾಡಿ, ಪರೀಕ್ಷೆ ಕೊಟ್ಟ ಮೇಲೆಯೇ ರೇಟಿಂಗ್ ಸಿಕ್ಕಿ ಒಬ್ಬರೇ ಮಾತಾಡುವ ಹಕ್ಕು ಬರುವುದು. ಆ ಹಕ್ಕು ಕೂಡ ಆ ನಿಲ್ದಾಣಕ್ಕೆ, ಆ ಮೇಜಿಗೆ ಮಾತ್ರ. ಗೋಪುರದ್ದು ಬೇರೆ, ರೇಡಾರಿನದು ಬೇರೆ. ಹತ್ತು ವರ್ಷ ಸರ್ವಿಸಾದವರಿಗೂ ವರ್ಗವಾದರೆ ಹೊಸ ಊರಿನಲ್ಲಿ ಮತ್ತೆ ಬೆನ್ನ ಹಿಂದೆ ಒಬ್ಬರು. ನಮ್ಮ ಮೇಷ್ಟರುಗಳಿಗೆ, ತಹಸೀಲ್ದಾರರುಗಳಿಗೆ ವರ್ಗವಾದಾಗ ಈ ಪದ್ಧತಿ ಇಟ್ಟು ನೋಡಬೇಕು, ವರ್ಗಕ್ಕೆ ಶಿಫಾರಸು ಹಿಡಿಯುವವರೇ ಇರುವುದಿಲ್ಲ.

ಭಾವನಿಗೆ ಮಾತ್ರ ಮಗಳು ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೇ ಬರಬೇಕು. ಮೈಸೂರು ಅರಸರ ಕಾಲದ ಆ ನಿಲ್ದಾಣ 2010ರಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ತೆರೆಯಿತು. ರನ್‌ವೇ 1,740 ಮೀಟರು, ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ರಸ್ತೆ ಅಡ್ಡ. ವಿಮಾನಗಳು ಶುರುವಾಗುತ್ತವೆ, ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ‘ಅಲ್ಲಿ ಅಷ್ಟೊಂದು ವಿಮಾನ ಇಲ್ವಲ್ಲಪ್ಪ’ ಎಂದಳು ಹುಡುಗಿ. ‘ಅದಕ್ಕೇ ಹೇಳಿದ್ದು’ ಎಂದರು ಭಾವ.

ಮೂಲ ವೇತನವೇ 40,000ದಿಂದ ಶುರು ಎಂದಾಗ ಅರಳಿದ ಅವರ ಮುಖ, ತರಬೇತಿಯಾದ ಮೇಲೆ 3 ವರ್ಷ ಬಿಟ್ಟುಹೋಗುವುದಿಲ್ಲವೆಂದು 7 ಲಕ್ಷಕ್ಕೆ ಮುಚ್ಚಳಿಕೆ ಬರೆದುಕೊಡಬೇಕು ಎಂದಾಗ ಬಾಡಿತು. ಏಳು ಲಕ್ಷಕ್ಕೆ ಎಷ್ಟು ಬೇಲು ಎಂದು ಬೆರಳು ಮಡಿಸಿದರು. ಇನ್ನು ಪಾಳಿಯ ವಿಚಾರ. ಬೆಳಿಗ್ಗೆ ಒಂದು ದಿನ, ಮಧ್ಯಾಹ್ನ ಒಂದು ದಿನ, ರಾತ್ರಿ ಒಂದು ದಿನ. ದೀಪಾವಳಿ, ಮಾರಿಹಬ್ಬ ಯಾವುದಕ್ಕೂ ಆಕಾಶ ರಜೆ ಕೊಡುವುದಿಲ್ಲ. ಒಂದೇ ಸಮನೆ ಪರದೆ ನೋಡಿದರೆ ಗಮನ ಜಾರುತ್ತದೆಂದು ನಡುನಡುವೆ ಎಬ್ಬಿಸಿ ಕಡ್ಡಾಯವಾಗಿ ಬಿಡುವು ಕೊಡುತ್ತಾರೆ, ಅದು ನಿಯಮ. ಕೆ.ಆರ್. ನಗರದಿಂದ ಸಂಬಂಧ ತಂದಿದ್ದ ಅತ್ತೆಯೊಬ್ಬರು ರಾತ್ರಿ ಪಾಳಿ ಎಂದದ್ದೇ ತಡ ಕಾಫಿ ಲೋಟ ಕೆಳಗಿಟ್ಟರು. ಬಿಡುವಿನ ವಿಷಯ ಕೇಳಿ ಮತ್ತೆ ಎತ್ತಿಕೊಂಡರು. ‘ಎರಡು ಗಂಟೆಗೊಂದ್ಸಲ ರೆಸ್ಟಾ? ನಾನು ನಲವತ್ತು ವರ್ಷ ಒಲೆ ಮುಂದೆ ಇದೀನಲ್ಲವ್ವ, ನನಗ್ಯಾರೂ ಕೊಡ್ನಿಲ್ವಲ್ಲ’ ಎಂದರು. ಸಂಬಂಧದ ಮಾತು ಅಲ್ಲಿಗೇ ನಿಂತು, ಉಳಿದ ಹೊತ್ತೆಲ್ಲ ಅತ್ತೆಯ ನಲವತ್ತು ವರ್ಷಗಳ ಪಾಳಿಯ ಕಥೆಯೇ ಆಯಿತು.

ಆವತ್ತು ಅವರ ಜೊತೆ ಬಂದಿದ್ದ ಅತ್ತೆಯ ಮಗ ಭತ್ತದ ಗದ್ದೆಯವನು, ಕಾವೇರಿ ಚಳವಳಿಯಲ್ಲಿ ರಸ್ತೆಗೆ ಅಡ್ಡ ಮಲಗಿ ಬಂದವನು. ಜಗಲಿಯಲ್ಲಿ ಕೂತಿದ್ದಾಗ ಮೇಲೆ ಒಂದು ವಿಮಾನ ಹೋಯಿತು, ಕಣ್ಣೂರಿಗೋ ಕೊಚ್ಚಿಗೋ ಇರಬೇಕು. ‘ಈಗ ಇದನ್ನ ಯಾರವ್ವ ನೋಡ್ಕೊಳೋದು, ಮಂಡಕಳ್ಳಿಯವರಾ?’ ಎಂದು ಕೇಳಿದ. ಹುಡುಗಿ ಉತ್ಸಾಹದಿಂದ ವಿವರಿಸಿದಳು. ದೇಶದ ಆಕಾಶವನ್ನು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಎಂದು ನಾಲ್ಕು ವಲಯವಾಗಿ ಹಂಚಿದ್ದಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕಿಲೋ ರೋಮಿಯೊ ನಗರ, ಹೋಟೆಲ್ ಡೆಲ್ಟಾ ಕೋಟೆ, ಎಲ್ಲದರ ಮೇಲಿನ ಆಕಾಶವೂ ಚೆನ್ನೈ ವಲಯಕ್ಕೆ ಸೇರಿದ್ದು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಪಂಚೆ ಮೇಲಕ್ಕೆ ಕಟ್ಟಿದ.

‘ಇದು ಯಾವಾಗ ಆಗಿದ್ದು? ನಮ್ಮನ್ನ ಒಂದ್ ಮಾತು ಕೇಳ್ಬ್ಯಾಡ್ವಾ?’